ಥಾರ್ ಮರುಭೂಮಿಯಲ್ಲಿ ಮೂರು ರಾತ್ರಿ ಒಂಟೆ ಪಯಣ: 62ರ ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಸವಿತಾ ಗದಗ | ಅಕ್ಟೋಬರ್ 12, ರಾತ್ರಿ 9:40

ಡಿಸೆಂಬರ್ ಕೊನೆಯ ವಾರ ಜೈಸಲ್ಮೇರ್‌ಗೆ ಹೊರಟಿದ್ದೇವೆ. ಖೂರಿ ಎಂಬ ಹಳ್ಳಿಯಿಂದ ಶುರುವಾಗಿ ಮೂರು ರಾತ್ರಿ, ನಾಲ್ಕು ಹಗಲಿನ ಪಯಣ. ಮಾರ್ಗದರ್ಶಿ ಒಬ್ಬರು, ಒಂಟೆಯವರು ಇಬ್ಬರು, ಅಡುಗೆ ಅವರದೇ. ಡೇರೆ ಇದೆಯೇ ಎಂದು ಕೇಳಿದರೆ "ಇದೆ, ಆದರೆ ಯಾರೂ ಹಾಕಿಸಿಕೊಳ್ಳುವುದಿಲ್ಲ" ಎಂದು ಫೋನಿನಲ್ಲಿ ನಕ್ಕರು.

ನಾನು ಮತ್ತು ಗೆಳತಿ ಇಬ್ಬರೇ ಹೋಗುವುದೆಂದು ಇತ್ತು. ಅಮ್ಮನ ಕಿವಿಗೆ ಬಿತ್ತು, "ನಾನೂ ಬರುತ್ತೇನೆ" ಎಂದು ಹಟ ಹಿಡಿದಿದ್ದಾರೆ. 62 ವರ್ಷ, ನಿವೃತ್ತ ಶಿಕ್ಷಕಿ. ಎಡ ಮೊಣಕಾಲು ನೋವು, ರಕ್ತದೊತ್ತಡದ ಮಾತ್ರೆ. ಹಿಂದಿ ಬರುವುದಿಲ್ಲ, ಆದರೆ ಅದು ಅವರಿಗೆ ಎಂದೂ ಅಡ್ಡಿಯಾಗಿಲ್ಲ.

ಅವರೇ ಹೇಳಿ ಬರೆಸಿದ ಪ್ರಶ್ನೆಗಳು ಮೂರು. ಶೌಚಕ್ಕೆ ಏನು ಗತಿ? ಹಾವು ಇವೆಯೇ? ಒಂಟೆಯ ಮೇಲೆ ಕೂರಲೇಬೇಕೇ? ಹೋಗಿ ಬಂದವರು ದಯವಿಟ್ಟು ಹೇಳಿ. ಪ್ರವಾಸ ಸಂಸ್ಥೆಯವರ ಚಿತ್ರಗಳನ್ನು ನೋಡಿ ಸಾಕಾಗಿದೆ.

ಮಲ್ಲೇಶ್ವರದ ಮೂರ್ತಿ | ರಾತ್ರಿ 9:52

ಕರೆದುಕೊಂಡು ಹೋಗಿ. ಬಿಟ್ಟು ಹೋದರೆ ಜೀವನಪೂರ್ತಿ ಕೇಳಬೇಕಾಗುತ್ತದೆ.

ಅಲೆಮಾರಿ ಅನಂತ | ರಾತ್ರಿ 10:15

ನಾನು ಎರಡು ಸಲ ಹೋಗಿದ್ದೇನೆ, 2017 ಮತ್ತು 2022. ಮೊದಲು ಒಂಟೆಯ ವಿಚಾರ, ಏಕೆಂದರೆ ಉಳಿದ ಎರಡಕ್ಕಿಂತ ಅದೇ ದೊಡ್ಡದು.

ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ. ನೀವು ನೇರ ಅದರ ಕತ್ತಿನ ಮೇಲೆ ಜಾರುವಂತಾಗುತ್ತದೆ. ಆಗ ಬೆನ್ನು ಹಿಂದಕ್ಕೆ ಚಾಚಬೇಕು. ಕೂರುವಾಗ ಮುಂಗಾಲು ಮಡಚುತ್ತದೆ, ಆಗಲೂ ಹಿಂದಕ್ಕೇ. ಇದನ್ನು ಹೇಳಿಕೊಡುವುದು ಒಂದು ನಿಮಿಷದ ಕೆಲಸ, ಹೇಳದೆ ಎಬ್ಬಿಸುವವರೂ ಇದ್ದಾರೆ. ಪಲಾಣ್ ಎಂದು ಕರೆಯುವ ಜೀನಿಗೆ ಎಷ್ಟೋ ಕಡೆ ಕಾಲಿಡುವ ರಿಕಾಪು ಇರುವುದಿಲ್ಲ. ಕಾಲು ಜೋತಾಡುತ್ತ ಎರಡು ಗಂಟೆ ಕಳೆದರೆ ತೊಡೆಯ ಒಳಭಾಗ ಹಿಡಿದುಕೊಳ್ಳುತ್ತದೆ. ನನಗೆ 34 ವರ್ಷವಾಗಿದ್ದಾಗಲೇ ಮೊದಲ ಸಂಜೆ ಇಳಿದು ಹತ್ತು ಹೆಜ್ಜೆ ಬಾತುಕೋಳಿಯಂತೆ ನಡೆದಿದ್ದೆ. ಮೊಣಕಾಲು ನೋವಿರುವವರಿಗೆ ದಿನಕ್ಕೆ ನಾಲ್ಕು ಗಂಟೆ ಕಷ್ಟ.

ಆದರೆ ಉಪಾಯವಿದೆ. ಒಂಟೆ ಗಾಡಿ ಕೇಳಿ. ಹಳೆಯ ವಿಮಾನದ ಟೈರು ಹಾಕಿದ, ಹಲಗೆಯ ಚಪ್ಪಟೆ ಗಾಡಿ. ಹಾಸಿಗೆ, ನೀರಿನ ಡಬ್ಬ, ಒಲೆ, ಹಿಟ್ಟು ಎಲ್ಲ ಅದರ ಮೇಲೇ ಹೋಗುತ್ತದೆ. ಅಮ್ಮ ಅದರಲ್ಲಿ ದಿಂಬಿಗೆ ಒರಗಿ ಕೂತರೆ ಮಹಾರಾಣಿ. ಕಡಿದಾದ ದಿಬ್ಬ ಹತ್ತುವುದಿಲ್ಲ, ಬಳಸಿಕೊಂಡು ಬರುತ್ತದೆ, ಅಷ್ಟೇ.

ಸವಿತಾ ಗದಗ | ರಾತ್ರಿ 10:21

ಗಾಡಿಯ ವಿಷಯ ಯಾರೂ ಹೇಳಿರಲೇ ಇಲ್ಲ! ಅಮ್ಮನಿಗೆ ಓದಿ ಹೇಳಿದೆ. "ನಮ್ಮ ಚಕ್ಕಡಿಯಂತೆ ಅಲ್ಲವೇ" ಎಂದರು.

ಬಿಸಿಲು ಕುದುರೆ | ಅಕ್ಟೋಬರ್ 13, ಬೆಳಗ್ಗೆ 7:05

ಒಂದು ಭ್ರಮೆ ಮೊದಲೇ ಬಿಟ್ಟುಬಿಡಿ. ನಾಲ್ಕು ದಿನವೂ ಮರಳ ದಿಬ್ಬ ನೋಡುತ್ತೀರಿ ಎಂದುಕೊಳ್ಳಬೇಡಿ. ಅಲ್ಲಿನ ಮರುಭೂಮಿ ರಾಷ್ಟ್ರೀಯ ಉದ್ಯಾನ 3,162 ಚದರ ಕಿಲೋಮೀಟರ್, ಅದರಲ್ಲಿ ಮರಳ ದಿಬ್ಬ ಇರುವುದು ಅರ್ಧಕ್ಕೂ ಕಡಿಮೆ. ಉಳಿದದ್ದು ಗಟ್ಟಿ ನೆಲ, ಜಲ್ಲಿ ಹಾಸು, ಕುರುಚಲು, ಎಕ್ಕದ ಗಿಡ, ಆಡುಗಳು. ನಮ್ಮ ಜೊತೆ ಬಂದಿದ್ದ ಒಬ್ಬರು ಎರಡನೆಯ ದಿನ "ಇದು ಚಳ್ಳಕೆರೆಯಂತಿದೆ, ಇದಕ್ಕೆ ಇಷ್ಟು ದೂರ ಬರಬೇಕಿತ್ತೇ" ಎಂದು ಮುಖ ಊದಿಸಿಕೊಂಡಿದ್ದರು.

ಚಳ್ಳಕೆರೆ ಚಂದ್ರು | ಬೆಳಗ್ಗೆ 7:30

ಹಾಗಾದರೆ ಚಳ್ಳಕೆರೆಗೇ ಬರಬಹುದಿತ್ತು. ಊಟ ನಾನು ಹಾಕುತ್ತಿದ್ದೆ.

ಮಸ್ಕತ್ ಮಾವ | ಬೆಳಗ್ಗೆ 8:12

ಇಪ್ಪತ್ತು ವರ್ಷದಿಂದ ಒಮಾನಿನಲ್ಲಿದ್ದೇನೆ. ನಿಜ ಹೇಳಲೇ? ಥಾರ್ ಮರುಭೂಮಿಯೇ ಅಲ್ಲ. ನಮ್ಮ ವಹೀಬಾ ಮರಳಿಗೆ ಬನ್ನಿ. ನೂರು ಮೀಟರ್ ಎತ್ತರದ ದಿಬ್ಬಗಳು, ಕಿತ್ತಳೆ ಬಣ್ಣ. ಬಿದಿಯಾದಲ್ಲಿ ಟೈರಿನ ಗಾಳಿ ಅರ್ಧಕ್ಕರ್ಧ ಇಳಿಸಿ ಒಳಗೆ ಹೋದರೆ ಹಿಂದೆ ಮುಂದೆ ಮರಳು ಬಿಟ್ಟು ಬೇರೇನೂ ಇಲ್ಲ. ಇಲ್ಲಿನ ಕನ್ನಡಿಗರು ಚಳಿಗಾಲದ ಶುಕ್ರವಾರಗಳಲ್ಲಿ ಚಿತ್ರಾನ್ನ ಕಟ್ಟಿಕೊಂಡು ಅಲ್ಲಿಗೇ ಹೋಗುತ್ತೇವೆ.

ಬಿಸಿಲು ಕುದುರೆ | ಬೆಳಗ್ಗೆ 8:40

ಮಾವ, ಕಾರಿನಲ್ಲಿ ಕೂತು ಚಿತ್ರಾನ್ನ ತಿನ್ನುವುದು ಬೇರೆ, ಇದು ಬೇರೆ. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರ್ ಒಳಗೆ. ಆಗುಂಬೆಯಲ್ಲಿ ಜೋರು ಮಳೆಗಾಲದ ಒಂದೆರಡು ದಿನಕ್ಕೆ ಅಷ್ಟು ಬೀಳುತ್ತದೆ. ಅಷ್ಟರಲ್ಲೇ ಅಲ್ಲಿ ಜನ ಬೆಳೆ ತೆಗೆದು, ದನ ಸಾಕಿ, ಮದುವೆ ಮಾಡಿ ಬದುಕುತ್ತಾರೆ. ಖಡೀನ್ ಎಂದು ಕೇಳಿದ್ದೀರಾ? ಇಳಿಜಾರಿನ ಕೆಳಗೆ ಉದ್ದದ ಮಣ್ಣಿನ ಏರಿ ಹಾಕಿ, ಹರಿದು ಬಂದ ನೀರನ್ನು ಹೊಲದಲ್ಲೇ ನಿಲ್ಲಿಸಿ, ಅದು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುವುದು. ಅಲ್ಲಿನ ಪಾಲೀವಾಲ ಬ್ರಾಹ್ಮಣರು ಶತಮಾನಗಳ ಹಿಂದೆ ಕಟ್ಟಿದ ಪದ್ಧತಿ. ಜನ ಇದ್ದರೆ ಮರುಭೂಮಿ ಅಲ್ಲ ಎನ್ನುವುದು ಯಾವ ಲೆಕ್ಕ?

ಮಸ್ಕತ್ ಮಾವ | ಬೆಳಗ್ಗೆ 8:44

ಸರಿ ಸರಿ. ಚಿತ್ರಾನ್ನದ ತಂಟೆಗೆ ಬರಬೇಡಿ.

ಡಾ. ಸೌದೆ ಒಲೆ | ಬೆಳಗ್ಗೆ 10:20

(ಹೆಸರು ತಮಾಷೆಗೆ, ವೃತ್ತಿ ನಿಜ.) ಅಮ್ಮನ ಮಾತ್ರೆಗಳನ್ನು ಎರಡು ಜಾಗದಲ್ಲಿ ಇಡಿ, ಒಂದು ಅವರ ಕೈಚೀಲದಲ್ಲಿ, ಇನ್ನೊಂದು ನಿಮ್ಮಲ್ಲಿ. ಹೊರಡುವ ಮುನ್ನ ಅವರ ವೈದ್ಯರನ್ನೊಮ್ಮೆ ಕೇಳಿ. ಚಳಿಗಾಲವೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಬಾರದು. ಹೆಂಗಸರು ಶೌಚದ ಸಂಕೋಚಕ್ಕೆ ನೀರು ಬಿಡುತ್ತಾರೆ, ಮೂರನೆಯ ದಿನ ತಲೆನೋವು, ಉರಿಮೂತ್ರ. ಕುಡಿಯಲು, ಅಡುಗೆಗೆ, ಬಾಯಿ ತೊಳೆಯಲು ಎಲ್ಲ ಸೇರಿ ತಲೆಗೆ ದಿನಕ್ಕೆ ಐದು ಲೀಟರ್ ನೀರು ಗಾಡಿಯಲ್ಲಿದೆಯೇ ಎಂದು ಹೊರಡುವಾಗ ಡಬ್ಬ ಎಣಿಸಿ ನೋಡಿ.

ರೇಣುಕಾ ಹೆಗಡೆ | ಬೆಳಗ್ಗೆ 11:02

ಶೌಚದ ಬಗ್ಗೆ ಗಂಡಸರು ಯಾರೂ ಬರೆಯುವುದಿಲ್ಲ, ನಾನೇ ಬರೆಯುತ್ತೇನೆ. ನಮ್ಮದು ಐದು ಹೆಂಗಸರ ಗುಂಪು.

ಕೋಣೆ, ಪರದೆ ಏನೂ ಇಲ್ಲ. ದಿಬ್ಬವೇ ಗೋಡೆ. ಒಂದು ದಿಬ್ಬ ಹೆಂಗಸರಿಗೆ, ಒಂದು ಗಂಡಸರಿಗೆ ಎಂದು ಮೊದಲ ಸಂಜೆಯೇ ಗೊತ್ತು ಮಾಡಿಕೊಳ್ಳಿ. ಬೆಳಕು ಹರಿಯುವ ಮುನ್ನ ಹೋದರೆ ಸುಖ, ಏಕೆಂದರೆ ಆರೂವರೆಗೆ ಎಲ್ಲಿಂದಲೋ ಆಡು ಕಾಯುವ ಹುಡುಗನೊಬ್ಬ ಪ್ರತ್ಯಕ್ಷನಾಗುತ್ತಾನೆ. ಯಾರೂ ಇಲ್ಲ ಎಂದು ನಾವು ಅಂದುಕೊಳ್ಳುವ ಬಯಲಲ್ಲಿ ಯಾವಾಗಲೂ ಒಬ್ಬ ಇರುತ್ತಾನೆ. ಸಣ್ಣ ಕೈಗುದ್ದಲಿ, ಚಂಬು, ಹಳೆಯ ಸೀರೆ. ಸೀರೆಯನ್ನು ಇಬ್ಬರು ಹಿಡಿದರೆ ಮರೆಯಾಯಿತು.

ಮೇಲೆ ಮೇಲೆ ಮರಳು ಎಳೆದು ಬರಬೇಡಿ. ಮರಳು ನಿಲ್ಲುವುದಿಲ್ಲ, ಗಾಳಿ ಎಲ್ಲವನ್ನೂ ಬಯಲು ಮಾಡುತ್ತದೆ. ದಿಬ್ಬ ಬಿಟ್ಟು, ಗಿಡದ ಬುಡದ ಗಟ್ಟಿ ನೆಲದಲ್ಲಿ ಒಂದು ಗೇಣು ಅಗೆಯಿರಿ. ಪ್ಯಾಡು, ಕಾಗದ ಹೂಳಬಾರದು, ನಾಯಿ ಕೆದರುತ್ತವೆ. ಪೊಟ್ಟಣ ಕಟ್ಟಿ ವಾಪಸ್ ತನ್ನಿ.

ಅಲೆಮಾರಿ ಅನಂತ | ಬೆಳಗ್ಗೆ 11:10

ಕಾಗದ ಸುಟ್ಟರೂ ಆಗುತ್ತದೆ.

ರೇಣುಕಾ ಹೆಗಡೆ | ಬೆಳಗ್ಗೆ 11:13

ಒಣ ಹುಲ್ಲಿನ ನಡುವೆ, ಗಾಳಿಯಲ್ಲಿ, ಅರೆನಿದ್ದೆಯಲ್ಲಿ ಬೆಂಕಿ ಹಚ್ಚುವ ಸಲಹೆ ಕೊಡಬೇಡಿ ಅಣ್ಣ.

ಉರಗ ಉಡುಪ | ಮಧ್ಯಾಹ್ನ 1:48

ಹಾವಿನ ಪ್ರಶ್ನೆಗೆ. ಇವೆ. ಗರಗಸ ಮಂಡಲ ಇದೆ, ಕಟ್ಟುಹಾವಿನ ಕುಲದ್ದೊಂದು ಇದೆ. ಡಿಸೆಂಬರ್ ಚಳಿಯಲ್ಲಿ ಬಹುತೇಕ ಬಿಲದಲ್ಲೇ ಇರುತ್ತವೆ. ಆದರೂ ಬೂಟು ಕೊಡವಿ ಹಾಕಿಕೊಳ್ಳಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಓಡಾಡಬೇಡಿ, ಸೌದೆಯನ್ನು ಕೈಯಿಂದ ತಡಕಿ ಎತ್ತಬೇಡಿ.

ಒಂಟೆಯವರು ರಾತ್ರಿ ಬೆಂಕಿಯ ಮುಂದೆ ಪೀವಣಾ ಕಥೆ ಹೇಳೇ ಹೇಳುತ್ತಾರೆ. ಮಲಗಿದವರ ಎದೆಯೇರಿ ಉಸಿರು ಕುಡಿಯುವ ಹಾವು. ಉಸಿರು ಕುಡಿಯುವ ಹಾವು ಇಲ್ಲ. ಆದರೆ ಕಥೆ ಪೂರ್ತಿ ಗಾಳಿಯೂ ಅಲ್ಲ. ಆ ಕಟ್ಟುಹಾವು ರಾತ್ರಿ ಓಡಾಡುತ್ತದೆ, ಕಚ್ಚಿದರೆ ನೋವು, ಊತ ಅಷ್ಟಾಗಿ ಇರುವುದಿಲ್ಲ. ಮಲಗಿದ್ದವನಿಗೆ ಕಚ್ಚಿದ್ದೇ ತಿಳಿಯದೆ ಬೆಳಗಾಗುವಷ್ಟರಲ್ಲಿ ಉಸಿರಾಟದ ಸ್ನಾಯುಗಳು ಸೋಲುತ್ತವೆ. ನೋಡಿದವರು ಉಸಿರು ಕುಡಿದು ಹೋಯಿತು ಎಂದರು. ನೆಲದ ಮೇಲೆ ಮಲಗುವ ಬದಲು ಹೊರಸು ಕೇಳಿ, ಗಾಡಿಯ ಮೇಲೆ ತರುತ್ತಾರೆ.

ಸವಿತಾ ಗದಗ | ಮಧ್ಯಾಹ್ನ 2:05

ಈ ಉತ್ತರವನ್ನು ಅಮ್ಮನಿಗೆ ಓದಿ ಹೇಳಿಲ್ಲ. ಹೊರಸಿನ ಸಾಲು ಮಾತ್ರ ಹೇಳಿದ್ದೇನೆ.

ಕಾಲುನಡಿಗೆ | ಸಂಜೆ 6:30

ಎಲ್ಲರೂ ಒಂಟೆ ಒಂಟೆ ಎನ್ನುತ್ತಿದ್ದೀರಿ. ಮೂಗಿನಲ್ಲಿ ಕಡ್ಡಿ ಚುಚ್ಚಿ, ಹಗ್ಗ ಕಟ್ಟಿ, ನಿಮ್ಮ ಮೋಜಿಗೆ ಹೊರೆ ಹೊರಿಸುವುದು ಹಿಂಸೆ ಅಲ್ಲವೇ? ನಡೆದು ಹೋಗಿ. ಒಂಟೆ ನಡೆಯುವುದೇ ಗಂಟೆಗೆ ನಾಲ್ಕೈದು ಕಿಲೋಮೀಟರ್.

ಮಾರವಾಡದ ಅಳಿಯ | ಸಂಜೆ 7:15

ಹೆಂಡತಿಯ ತವರು ಬಾಡಮೇರ್ ಕಡೆ, ಆದ್ದರಿಂದ ಎರಡು ಮಾತು. ನಕೇಲ್, ಅಂದರೆ ಆ ಮೂಗಿನ ಕಡ್ಡಿಯ ವಿಚಾರದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ, ಗಾಯವಾಗಿ ಕೀವು ಸೋರುವ ಮೂಗು ಕಂಡರೆ ಆ ಒಂಟೆ ಬೇಡ ಎನ್ನಿ. ಬೆನ್ನಿನ ಮೇಲೆ ಹುಣ್ಣು ಇದೆಯೇ ಎಂದು ಜೀನು ಹಾಕುವ ಮುನ್ನ ನೋಡಿ.

ಆದರೆ ಸವಾರಿ ನಿಲ್ಲಿಸಿದರೆ ಒಂಟೆಗೆ ಒಳ್ಳೆಯದಾಗುತ್ತದೆ ಎನ್ನುವುದು ಸುಳ್ಳು. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆ ಇದ್ದವು, 2019ರಲ್ಲಿ ಎರಡೂವರೆ ಲಕ್ಷ. ಟ್ರ್ಯಾಕ್ಟರ್ ಬಂತು, ಜೀಪು ಬಂತು, ಮೇವಿನ ಬಯಲುಗಳಿಗೆ ಬೇಲಿ ಬಿತ್ತು. 2014ರಲ್ಲಿ ರಾಜಸ್ಥಾನದಲ್ಲಿ ಒಂಟೆಯನ್ನು ರಾಜ್ಯಪ್ರಾಣಿ ಮಾಡಿದರು, 2015ರಲ್ಲಿ ಕಡಿಯುವುದನ್ನು ನಿಷೇಧಿಸಿ, ರಾಜ್ಯದ ಹೊರಗೆ ಸಾಗಿಸುವುದನ್ನು ಕಟ್ಟುಪಾಡಿಗೆ ತಂದರು. ಮಾರಲಾಗದ ಪ್ರಾಣಿಯನ್ನು ಸಾಕುವವರು ಯಾರು? ಮರಿ ಗಂಡೊಂಟೆಗೆ ಗಿರಾಕಿ ಇಲ್ಲ ಎಂದು ನನ್ನ ಮಾವನ ಪಕ್ಕದ ಮನೆಯ, ಒಂಟೆ ಸಾಕುವ ರಾಯಿಕಾ ಸಮುದಾಯದ ಹಿರಿಯರು ಹಿಂಡನ್ನೇ ಬಿಟ್ಟರು, ಮಗ ಸೂರತ್‌ನಲ್ಲಿ ಬಟ್ಟೆ ಗಿರಣಿಗೆ ಹೋಗುತ್ತಾನೆ. ಈಗ ಅಲ್ಲಿ ಒಂಟೆಗೆ ಇರುವ ಕೆಲವೇ ಸಂಪಾದನೆಗಳಲ್ಲಿ ನಿಮ್ಮ ಈ ಸವಾರಿಯೂ ಒಂದು.

ಕಾಲುನಡಿಗೆ | ಸಂಜೆ 7:31

ಸಂಪಾದನೆ ಇದೆ ಎಂದರೆ ಹಿಂಸೆ ಹಿಂಸೆಯಾಗದೆ ಇರುತ್ತದೆಯೇ?

ಮಾರವಾಡದ ಅಳಿಯ | ಸಂಜೆ 7:40

ಹಾಗೆ ನಾನು ಹೇಳಲಿಲ್ಲ. ಮೂಗು ನೋಡಿ, ಬೆನ್ನು ನೋಡಿ ಎಂದೆ. ನಡೆಯುವ ನಿಮ್ಮ ನೀರಿನ ಡಬ್ಬ ಯಾರು ಹೊರುತ್ತಾರೆ ಎಂದೂ ನೋಡಿ.

ಪುಟ್ಟಕ್ಕ | ರಾತ್ರಿ 8:50

ಚಳಿಗಾಲದಲ್ಲಿ ಗಂಡೊಂಟೆಗಳಿಗೆ ಮದ ಎಂದು ಯಾರೂ ಬರೆದಿಲ್ಲವಲ್ಲ! ನಮ್ಮ ಪಕ್ಕದ ಒಂಟೆ ಇದ್ದಕ್ಕಿದ್ದಂತೆ ಗೊಳಗೊಳ ಸದ್ದು ಮಾಡಿ ಬಾಯಿಯ ಪಕ್ಕದಿಂದ ಗುಲಾಬಿ ಬಣ್ಣದ ಬಲೂನಿನಂಥದ್ದನ್ನು ಹೊರಗೆ ಬಿಟ್ಟಿತು. ಕರುಳೇ ಹೊರಬಂತು ಎಂದು ನಾನು ಕಿರುಚಿದೆ. ಒಂಟೆಯವರು ಹೊಟ್ಟೆ ಹಿಡಿದು ನಕ್ಕರು. ಅದು ಅಂಗುಳಿನ ಮೆತ್ತನೆಯ ಭಾಗವಂತೆ, ಊದಿಸಿ ಹೆಣ್ಣಿಗೆ ತೋರಿಸುತ್ತದಂತೆ. ಆ ಸಮಯದಲ್ಲಿ ಕಚ್ಚುತ್ತವೆ, ಹತ್ತಿರ ಹೋಗಿ ಚಿತ್ರ ತೆಗೆದುಕೊಳ್ಳಬೇಡಿ.

ಮಲ್ಲೇಶ್ವರದ ಮೂರ್ತಿ | ರಾತ್ರಿ 8:55

ನಮ್ಮ ಬೀದಿಯಲ್ಲಿ ಬೈಕಿನ ಸೈಲೆನ್ಸರ್ ತೆಗೆಸಿ ಓಡಿಸುವ ಹುಡುಗರೂ ಅದನ್ನೇ ಮಾಡುವುದು.

ನಕ್ಷತ್ರಿಕ | ಅಕ್ಟೋಬರ್ 14, ರಾತ್ರಿ 12:10

ಆಕಾಶಕ್ಕಾಗಿ ಹೋಗುವವರಿಗೆ: ಪಂಚಾಂಗ ನೋಡಿ ಅಮಾವಾಸ್ಯೆಯ ಆಸುಪಾಸು ಆರಿಸಿ. ಹುಣ್ಣಿಮೆಯಲ್ಲಿ ಮರಳು ಬೆಳ್ಳಗೆ ಹೊಳೆಯುತ್ತದೆ, ನಕ್ಷತ್ರ ಮಾಯ. ಇನ್ನು, ಜಾಹೀರಾತಿನ ಚಿತ್ರದಲ್ಲಿರುವ ದಪ್ಪ ಆಕಾಶಗಂಗೆ ಡಿಸೆಂಬರ್‌ನಲ್ಲಿ ಸಿಗುವುದಿಲ್ಲ. ಅದರ ನಡುಭಾಗ ಇರುವುದು ಧನು ರಾಶಿಯ ಕಡೆ, ಆಗ ಸೂರ್ಯನೂ ಅಲ್ಲೇ. ಬದಲಿಗೆ ಕೃತ್ತಿಕೆ, ರೋಹಿಣಿ, ಮಹಾವ್ಯಾಧ ಸಿಗುತ್ತಾರೆ, ಅದೇನು ಕಡಿಮೆಯಲ್ಲ.

ಹಕ್ಕಿ ಹಿಂದೆ | ಬೆಳಗ್ಗೆ 6:20

ನಕ್ಷತ್ರ ಬಿಡಿ, ಎರ್ಲಡ್ಡು ಹಕ್ಕಿ ನೋಡಿ! ಅಲ್ಲಿ ಗೋಡಾವಣ್ ಎನ್ನುತ್ತಾರೆ. ನಮ್ಮ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಅದೇ ಹಕ್ಕಿ. ಜೈಸಲ್ಮೇರ್ ಬಳಿಯ ಸಮ್‌ನಲ್ಲಿ 2019ರಿಂದ ಮೊಟ್ಟೆ ತಂದು ಮರಿ ಮಾಡಿಸುವ ಕೇಂದ್ರವಿದೆ. ದೊಡ್ಡ ಶತ್ರು ವಿದ್ಯುತ್ ತಂತಿ. ಹಕ್ಕಿಯ ತೂಕ ಹೆಚ್ಚು, ನೇರ ಮುಂದಿನ ನೋಟ ಕಡಿಮೆ, ತಂತಿ ಕಂಡಾಗ ತಿರುಗಲು ಆಗುವುದಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿ ಹಾಕಿ ಎಂದಿತು, 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಕೊಟ್ಟಿತು.

ಒಂಟೆಯವರಿಗೆ "ತೋರಿಸಿದರೆ ಇನಾಮು ಕೊಡುತ್ತೇನೆ" ಎನ್ನಬೇಡಿ. ಅಟ್ಟಿಸಿಕೊಂಡು ಹೋಗುತ್ತಾರೆ. ಕಂಡರೆ ಪುಣ್ಯ, ಕಾಣದಿದ್ದರೆ ನರಿ, ಚಿಂಕಾರ, ರಣಹದ್ದು ಸಾಕು.

ಸುಮ್ಮನೆ ಓದುಗ | ಬೆಳಗ್ಗೆ 9:00

ರೈಲು ಯಾವುದು?

ಅಲೆಮಾರಿ ಅನಂತ | ಬೆಳಗ್ಗೆ 9:20

ಹುಬ್ಬಳ್ಳಿ ಮೇಲೆ ಹೋಗುವ ಬೆಂಗಳೂರು–ಜೋಧ್‌ಪುರ ರೈಲು. ಅಲ್ಲಿಂದ ಜೈಸಲ್ಮೇರ್ ಇನ್ನೂ ಐದಾರು ಗಂಟೆ. ಸವಿತಾ ಅವರೇ, ವರ್ಷದ ಕೊನೆಯ ವಾರ ದರ ದುಪ್ಪಟ್ಟು, ಸಮ್ ಕಡೆ ಜಾತ್ರೆ. ದಿಬ್ಬದ ಮೇಲೆ ಜೀಪು ಹಾರಿಸುವುದು, ಡಿಜೆ, ಪಟಾಕಿ. ನಿಮ್ಮವರು ಸಮ್‌ನಿಂದ ಎಷ್ಟು ದೂರ ಮಲಗಿಸುತ್ತಾರೆ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಆಗಿದ್ದರೆ ಜನವರಿ ಎರಡನೆಯ ವಾರಕ್ಕೆ ದೂಡಿ.

ಸವಿತಾ ಗದಗ | ಬೆಳಗ್ಗೆ 10:02

ರಜೆ ಸಿಗುವುದು ಆಗ ಮಾತ್ರ. ಗಾಡಿಗೆ, ಹೊರಸಿಗೆ ಒಪ್ಪಿದ್ದಾರೆ. ಮೂರು ಟಿಕೆಟ್ ಆಯಿತು. ಎಲ್ಲರಿಗೂ ಧನ್ಯವಾದ, ಬಂದು ಬರೆಯುತ್ತೇನೆ.

ಪುಟ್ಟಕ್ಕ | ಬೆಳಗ್ಗೆ 10:15

ಎಲ್ಲರೂ ಹಾಗೇ ಹೇಳುತ್ತಾರೆ. ಯಾರೂ ಬಂದು ಬರೆದಿಲ್ಲ.

ಸವಿತಾ ಗದಗ | ಜನವರಿ 6, ರಾತ್ರಿ 10:30

ಬಂದು ಬರೆಯುತ್ತಿದ್ದೇನೆ, ಪುಟ್ಟಕ್ಕ!

ಮೊದಲು ದೂರು. "ಯಾರೂ ಇಲ್ಲದ ಜಾಗ" ಎಂದವರು ಮೊದಲ ರಾತ್ರಿ ಮಲಗಿಸಿದ ಕಡೆಯಿಂದ ಗಾಳಿಯಂತ್ರಗಳ ಕೆಂಪು ದೀಪಗಳ ಸಾಲು ಕಾಣುತ್ತಿತ್ತು, ಎಲ್ಲಿಂದಲೋ ಡಿಜೆಯ ಧಡ್ ಧಡ್ ಎದೆಗೆ ತಾಗುತ್ತಿತ್ತು. ಗೆಳತಿ ಜಗಳವಾಡಿದಳು. ಮಾರನೆಯ ದಿನದಿಂದ ದಕ್ಷಿಣಕ್ಕೆ ತಿರುಗಿಸಿದರು, ಆಮೇಲೆ ಸದ್ದಿಲ್ಲ. ಜಗಳವಾಡದಿದ್ದರೆ ಮೂರೂ ರಾತ್ರಿ ಅದೇ ಆಗಿರುತ್ತಿತ್ತು ಎಂದು ನನಗೆ ಅನುಮಾನ.

ಚಳಿ. ಹಗಲು ಸ್ವೆಟರ್ ಬೇಡ, ರಾತ್ರಿ ಎರಡು ಸಾಲದು. ಆದರೆ ನಮ್ಮನ್ನು ಸೋಲಿಸಿದ್ದು ಚಳಿಯಲ್ಲ, ಇಬ್ಬನಿ. ಮರುಭೂಮಿಯಲ್ಲಿ ಇಬ್ಬನಿ ಬೀಳುತ್ತದೆ ಎಂದು ಇಲ್ಲಿ ಒಬ್ಬರಾದರೂ ಹೇಳಬೇಕಿತ್ತು. ಬೆಳಗ್ಗೆ ಹೊದಿಕೆ ಹಿಂಡಿದರೆ ನೀರು. ಅಮ್ಮ ಗದಗಿನಿಂದ ಹೊತ್ತು ತಂದಿದ್ದ ಕೌದಿಯ ಮೇಲೆ ಎರಡನೆಯ ರಾತ್ರಿ ಪ್ಲಾಸ್ಟಿಕ್ ಹಾಳೆ ಹಾಕಿಸಿಕೊಂಡರು. ಆ ಕೌದಿ ಬೇಡ ಎಂದು ರೈಲಿನಲ್ಲೂ ನಾನು ಜಗಳವಾಡಿದ್ದೆ. ಮೂರನೆಯ ರಾತ್ರಿ ಅದರೊಳಗೆ ನಾನೂ ಇದ್ದೆ.

ಬೆಳಗ್ಗೆ ಒಂಟೆ ಇರುವುದಿಲ್ಲ! ರಾತ್ರಿ ಮುಂಗಾಲೆರಡನ್ನೂ ಹಗ್ಗದಿಂದ ಸಡಿಲವಾಗಿ ಕಟ್ಟಿ ಮೇಯಲು ಬಿಡುತ್ತಾರೆ, ಅವು ಕುಪ್ಪಳಿಸಿಕೊಂಡೇ ಎರಡು ಮೈಲಿ ಹೋಗಿರುತ್ತವೆ. ಒಂಟೆಯವರು ಚಹಾ ಕುಡಿದು ಹೆಜ್ಜೆ ಹುಡುಕುತ್ತ ಹೊರಡುತ್ತಾರೆ. ಒಂದು ದಿನ ಹತ್ತೂವರೆಗೆ ಬಂದರು.

ಅಮ್ಮ ಗಾಡಿ ಬಿಟ್ಟು ಇಳಿಯಲಿಲ್ಲ, ಇಳಿದದ್ದು ಅಡುಗೆಗೆ ಮಾತ್ರ. ಅವರಲ್ಲಿ ಸಜ್ಜೆ ರೊಟ್ಟಿಗೆ ಸೋಗ್ರಾ ಎನ್ನುತ್ತಾರೆ, ಅಂಗೈಗಳ ನಡುವೆ ತಟ್ಟಿ ದಪ್ಪಗೆ ಸುಡುತ್ತಾರೆ. ಅಮ್ಮ ಒಂದು ದಿನ ನೋಡಿದರು, ಎರಡನೆಯ ದಿನ ತಡೆಯಲಾಗಲಿಲ್ಲ. ತಟ್ಟೆ ಬೋರಲು ಹಾಕಿ, ಕುದಿಯುವ ನೀರು ಕೇಳಿ, ಹಿಟ್ಟು ನಾದಿ, ತೆಳ್ಳಗೆ ತಟ್ಟಿ ಬಡಿದರು. ಒಂಟೆಯವರಲ್ಲಿ ಹಿರಿಯರು ಅದನ್ನು ಬೆಳಕಿಗೆ ಹಿಡಿದು ನೋಡಿ ಏನೋ ಅಂದರು. ಮಾರ್ಗದರ್ಶಿ ಹಿಂದಿಗೆ ತಿರುಗಿಸಿದ: "ಇದು ಪಾಪಡ್, ರೊಟ್ಟಿ ಎಲ್ಲಿ?" ಅಮ್ಮ ಕನ್ನಡದಲ್ಲೇ ಉತ್ತರ ಕೊಟ್ಟರು, "ನಿಮ್ಮದು ಇಟ್ಟಿಗೆ." ತಿರುಗಿಸುವ ಅಗತ್ಯ ಬೀಳಲಿಲ್ಲ. ಊಟವಾದ ಮೇಲೆ ತಟ್ಟೆಯನ್ನು ಮರಳಿನಲ್ಲೇ ಉಜ್ಜುತ್ತಾರೆ, ಒಂದು ತೊಟ್ಟು ನೀರಿಲ್ಲ. ಹೊಸ ತಟ್ಟೆಯಂತೆ ಹೊಳೆಯುತ್ತದೆ, ಆದರೆ ಮುಂದಿನ ಊಟದಲ್ಲಿ ಹಲ್ಲಿಗೆ ಕರಕರ.

ಸಾಮಾನಿನಲ್ಲಿ ಒಂದು ತಪ್ಪು: ಉಣ್ಣೆಯ ಕಾಲುಚೀಲ. ಭುರಟ್ ಎಂಬ ಹುಲ್ಲಿನ ಮುಳ್ಳುಕಾಯಿ ಅಂಟಿಕೊಂಡರೆ ಬಿಡಿಸುವಷ್ಟರಲ್ಲಿ ಬೆರಳು ರಕ್ತ.

ರೇಣುಕಾ ಹೆಗಡೆ | ರಾತ್ರಿ 10:48

ಸೀರೆ ಉಪಯೋಗಕ್ಕೆ ಬಂತೇ?

ಸವಿತಾ ಗದಗ | ರಾತ್ರಿ 10:50

ಬಂತು ಅಕ್ಕ. ಆಡು ಕಾಯುವ ಹುಡುಗನೂ ಬಂದ. ಸರಿಯಾಗಿ ಆರೂವರೆಗೆ.

ಮರೆತಿದ್ದೆ, ಎರಡು ಮಧ್ಯಾಹ್ನ ಖೇಜಡಿ ಮರದ ಕೆಳಗೆ ತಂಗಿದ್ದೆವು. ಅಮ್ಮ ಎಲೆ ಮುಟ್ಟಿ ನೋಡಿ "ಇದು ಬನ್ನಿ" ಎಂದು ಚಪ್ಪಲಿ ಬಿಟ್ಟು ಕೈಮುಗಿದರು. ಹೌದೇ?

ಬಿಸಿಲು ಕುದುರೆ | ರಾತ್ರಿ 11:05

ಹೌದು. ದಸರೆಗೆ ನಾವು ಬಂಗಾರವೆಂದು ಕೊಡುವ ಬನ್ನಿಯೇ ಅದು. ಅವರಿಗೆ ರಾಜ್ಯವೃಕ್ಷ. 1730ರಲ್ಲಿ ಜೋಧ್‌ಪುರದ ಬಳಿ ಖೇಜಡ್ಲಿಯಲ್ಲಿ ಈ ಮರಗಳನ್ನು ಕಡಿಯಗೊಡದೆ ತಬ್ಬಿ ನಿಂತು ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟರು. ಅದರ ಕಾಯಿಯೇ ಸಾಂಗ್ರಿ.

ಚಳ್ಳಕೆರೆ ಚಂದ್ರು | ರಾತ್ರಿ 11:12

ನಮ್ಮ ಕಡೆ ಕೆಲವು ಊರಲ್ಲಿ ಬನ್ನಿ ಎಂದು ಪೂಜಿಸುವುದು ಬೇರೆ ಮುಳ್ಳು ಮರವನ್ನು.

ಬಿಸಿಲು ಕುದುರೆ | ರಾತ್ರಿ 11:15

ಇರಬಹುದು, ಮಹಾರಾಷ್ಟ್ರದಲ್ಲಿ ಹಂಚುವುದೂ ಬೇರೆ ಮರದ ಎಲೆ. ಆದರೆ ಬಳ್ಳಾರಿ ಜಾಲಿಯನ್ನು ಮಾತ್ರ ಬನ್ನಿ ಎನ್ನಬೇಡಿ. ಅದು ಅಲ್ಲೂ ಹಬ್ಬಿದೆ, ವಿಲಾಯತಿ ಬಬೂಲ್ ಎಂದು ಬೈಯುತ್ತಾರೆ.

ಸವಿತಾ ಗದಗ | ರಾತ್ರಿ 11:20

ಅಮ್ಮ ಅರ್ಧ ಕಿಲೋ ಒಣ ಸಾಂಗ್ರಿ ತಂದಿದ್ದಾರೆ. ರಾತ್ರಿಯಿಡೀ ನೆನೆಹಾಕಿ, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದರು. ಅಪ್ಪ "ಬನ್ನಿ ಕಾಯಿಯನ್ನು ತಿನ್ನುತ್ತಾರೆಯೇ" ಎಂದು ಮುಟ್ಟಲಿಲ್ಲ.

ಸುಮ್ಮನೆ ಓದುಗ | ಜನವರಿ 7, ಬೆಳಗ್ಗೆ 8:10

ಮೇ ತಿಂಗಳ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಮಾರವಾಡದ ಅಳಿಯ | ಬೆಳಗ್ಗೆ 8:14

ಬೇಡ. 45 ಡಿಗ್ರಿ ದಾಟುತ್ತದೆ, ಮೇಲೆ ಧೂಳಿನ ಆಂಧಿ. ನನ್ನ ಮಾವನ ಮನೆಯವರೇ ಮೇ ತಿಂಗಳಲ್ಲಿ ನಮ್ಮ ಮನೆಗೆ ಬಂದು ಕೂರುತ್ತಾರೆ.